ದೇಶ ದೇಶಗಳ ಹೋಲಿಕೆ: ಕೋಷ್ಟಕ ಹೇಳುವುದು, ಮರೆಸುವುದು

2020ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ತನ್ನ ಜಾಗತಿಕ ಆರ್ಥಿಕ ಮುನ್ನೋಟವನ್ನು ಪ್ರಕಟಿಸಿದ ದಿನ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877 ಡಾಲರ್ ಆಗಲಿದೆ ಎಂಬ ಅಂದಾಜು ಅದರಲ್ಲಿತ್ತು. ಹನ್ನೊಂದು ಡಾಲರ್‌ಗಳ ಆ ಅಂತರ ಕೆಲವರಿಗೆ ಅವಮಾನವಾಗಿಯೂ ಕೆಲವರಿಗೆ ವಾದಕ್ಕೆ ಸಿಕ್ಕ ಆಯುಧವಾಗಿಯೂ ಕಂಡಿತು. ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: ಅಂದಾಜಿನಲ್ಲಿ ತಪ್ಪಿಲ್ಲ, ಆದರೆ ಯಾವ ದೇಶದ ಜನ ಹೆಚ್ಚು ಸುಖವಾಗಿದ್ದಾರೆ ಎಂಬ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಅದೇ ದತ್ತಾಂಶದ ಇನ್ನೊಂದು ಕಾಲಂನಲ್ಲಿ, ಅಂದರೆ ಆಯಾ ದೇಶದ ಬೆಲೆಗಳಲ್ಲಿ ಹಣಕ್ಕೆ ಎಷ್ಟು ಸಿಗುತ್ತದೆ ಎಂಬ ಕೊಳ್ಳುವ ಶಕ್ತಿಯ ಆಧಾರದ ಮೇಲೆ ಲೆಕ್ಕ ಹಾಕಿದ ಕಾಲಂನಲ್ಲಿ, ಭಾರತದ ತಲಾ ಜಿಡಿಪಿ ಬಾಂಗ್ಲಾದೇಶದ್ದಕ್ಕಿಂತ ಸಾವಿರ ಡಾಲರಿಗೂ ಹೆಚ್ಚು ಮುಂದಿತ್ತು. ಮತ್ತೊಂದೆಡೆ, ಬಾಂಗ್ಲಾದೇಶದಲ್ಲಿ ಹುಟ್ಟಿದ ಮಗು ಭಾರತದಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚು ಕಾಲ ಬದುಕುವ ನಿರೀಕ್ಷೆ ಅದಕ್ಕೂ ಹಲವು ವರ್ಷ ಮೊದಲೇ ಇತ್ತು. ಆ ಸಂಗತಿಯ ಬಗ್ಗೆ ಮಾತ್ರ ಒಬ್ಬರೂ ಫೋನ್ ಮಾಡಿರಲಿಲ್ಲ.

ಇಪ್ಪತ್ತು ವರ್ಷಗಳಿಂದ ಇಂತಹ ಕೋಷ್ಟಕಗಳನ್ನು ತಯಾರಿಸುವುದೇ ನನ್ನ ಕಸುಬು. ಎರಡು ದೇಶಗಳನ್ನು ಹೋಲಿಸುವವರು ಬಹುತೇಕ ಎಡವುವುದು ಲೆಕ್ಕದಲ್ಲಲ್ಲ, ಅಳತೆಗೋಲನ್ನು ಆರಿಸಿಕೊಳ್ಳುವುದರಲ್ಲಿ. ಆದ್ದರಿಂದ ಮೊದಲು ಹಣದ ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ದೇಶದ ವರಮಾನವನ್ನು ಮಾರುಕಟ್ಟೆಯ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿದಾಗ, ಗಡಿ ದಾಟದ ಸರಕು ಸೇವೆಗಳ ಬೆಲೆಯನ್ನೂ ಗಡಿ ದಾಟುವ ಸರಕುಗಳ ತಕ್ಕಡಿಯಲ್ಲೇ ತೂಗಿದಂತಾಗುತ್ತದೆ. ಕ್ಷೌರಿಕನೊಬ್ಬ ಬಡ ದೇಶದಲ್ಲಿ ಮಾಡುವ ಕೆಲಸಕ್ಕೂ ಶ್ರೀಮಂತ ದೇಶದಲ್ಲಿ ಇನ್ನೊಬ್ಬ ಮಾಡುವ ಕೆಲಸಕ್ಕೂ ವ್ಯತ್ಯಾಸ ಅಷ್ಟಿಲ್ಲ. ಕೂದಲು ಎರಡೂ ಕಡೆ ಅಷ್ಟೇ ಚೆನ್ನಾಗಿ ಕತ್ತರಿಸಲ್ಪಡುತ್ತದೆ. ಆದರೆ ಕೂಲಿಯ ಮಟ್ಟ ಕಡಿಮೆ ಇರುವಲ್ಲಿ ಆ ಸೇವೆಯ ಬೆಲೆ ಹತ್ತನೇ ಒಂದು ಭಾಗವಿರಬಹುದು, ಜಿಡಿಪಿಯಲ್ಲಿ ಅದು ದಾಖಲಾಗುವುದೂ ಆ ಹತ್ತನೇ ಒಂದು ಭಾಗವಾಗಿಯೇ. ಮನೆ ಬಾಡಿಗೆ, ಶಿಕ್ಷಕರ ಪಾಠ, ದಾದಿಯ ಆರೈಕೆ, ಬಸ್ ಪ್ರಯಾಣ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಈ ಕೊರತೆಯನ್ನು ತುಂಬಲೆಂದೇ 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ ದೇಶ ದೇಶಗಳಲ್ಲಿ ಒಂದೇ ಬಗೆಯ ಸರಕು ಸೇವೆಗಳ ಬೆಲೆಯನ್ನು ಸಂಗ್ರಹಿಸುವ ಅಂತರರಾಷ್ಟ್ರೀಯ ಹೋಲಿಕಾ ಕಾರ್ಯಕ್ರಮವನ್ನು ಆರಂಭಿಸಿದವು. ಈಗ ಅದು ವಿಶ್ವಬ್ಯಾಂಕಿನ ಉಸ್ತುವಾರಿಯಲ್ಲಿ ನಡೆಯುತ್ತಿದ್ದು, 2021ರ ಸುತ್ತಿನಲ್ಲಿ 176 ಅರ್ಥವ್ಯವಸ್ಥೆಗಳು ಪಾಲ್ಗೊಂಡಿದ್ದವು.

ಈ ಅಳತೆಯೂ ಕಲ್ಲಿನಲ್ಲಿ ಕೊರೆದದ್ದಲ್ಲ. 2005ರ ಸುತ್ತಿನಲ್ಲಿ ಚೀನಾ ಮೊದಲ ಬಾರಿಗೆ, ಭಾರತ 1985ರ ನಂತರ ಮೊದಲ ಬಾರಿಗೆ ಪಾಲ್ಗೊಂಡವು. 2007ರ ಡಿಸೆಂಬರ್‌ನಲ್ಲಿ ಫಲಿತಾಂಶ ಹೊರಬಿದ್ದಾಗ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಎರಡೂ ದೇಶಗಳ ಜಿಡಿಪಿ ಹಿಂದಿನ ಅಂದಾಜಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಎಂದು ತಿಳಿದುಬಂತು. ಒಂದು ಕಾರ್ಖಾನೆಯೂ ಮುಚ್ಚಿರಲಿಲ್ಲ, ಒಂದು ಹೊಲವೂ ಒಣಗಿರಲಿಲ್ಲ. ಬೆಲೆಗಳ ಹೊಸ ಸಮೀಕ್ಷೆ ಹಳೆಯ ಊಹೆಯನ್ನು ಬದಲಿಸಿತ್ತು, ಅಷ್ಟೆ.

ಹಾಗೆಂದು ಕೊಳ್ಳುವ ಶಕ್ತಿಯ ಅಂಕಿಯೇ ಸರಿ, ವಿನಿಮಯ ದರದ್ದು ತಪ್ಪು ಎಂದು ತೀರ್ಪು ಕೊಡುವವರನ್ನೂ ನಾನು ಒಪ್ಪುವುದಿಲ್ಲ. ಮನೆಯೊಳಗಿನ ಬದುಕನ್ನು ಅಳೆಯಲು ಮೊದಲನೆಯದು ಬೇಕು. ಆ ದೇಶ ಹೊರಗಿನಿಂದ ಇಂಧನ, ಔಷಧಿ, ಯಂತ್ರೋಪಕರಣಗಳನ್ನು ಎಷ್ಟು ತರಬಲ್ಲದು, ವಿದೇಶಿ ಸಾಲವನ್ನು ಹೇಗೆ ತೀರಿಸಬಲ್ಲದು ಎಂದು ತಿಳಿಯಲು ಎರಡನೆಯದೇ ಬೇಕು. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ದಕ್ಷಿಣ ಏಷ್ಯಾದಲ್ಲಿ ಮುಂಚೂಣಿಯಲ್ಲಿದ್ದ, ಶಿಕ್ಷಣ ಮತ್ತು ಆರೋಗ್ಯದಲ್ಲಿ ದಶಕಗಳಿಂದ ನೆರೆಯವರಿಗೆ ಮಾದರಿಯಾಗಿದ್ದ ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಬೇಕಾಯಿತು, ಪೆಟ್ರೋಲ್ ಬಂಕ್‌ಗಳ ಮುಂದೆ ಜನ ದಿನಗಟ್ಟಲೆ ಸಾಲುಗಟ್ಟಿ ನಿಂತರು. ಇಂಧನ ಮಾರುವವರಿಗೆ ಬೇಕಾಗಿದ್ದದ್ದು ನಿಜವಾದ ಡಾಲರ್, ಸಂಖ್ಯಾಶಾಸ್ತ್ರಜ್ಞರ ಡಾಲರ್ ಅಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2022ರ ಆರಂಭದಲ್ಲಿ ಡಾಲರಿಗೆ ಸುಮಾರು 86 ಇದ್ದ ಬಾಂಗ್ಲಾದೇಶದ ಟಾಕಾ ಎರಡೂವರೆ ವರ್ಷಗಳಲ್ಲಿ 117ರ ಆಸುಪಾಸಿಗೆ ಇಳಿದಾಗ, ಆ ದೇಶದ ತಲಾ ವರಮಾನ ಡಾಲರ್ ಲೆಕ್ಕದಲ್ಲಿ ಕುಗ್ಗಿದಷ್ಟು ಅಲ್ಲಿನ ಕುಟುಂಬಗಳ ಊಟ ಬಟ್ಟೆ ಕುಗ್ಗಲಿಲ್ಲ.

ಜಿಡಿಪಿಯ ಲೆಕ್ಕವೇ ಹಳತಾಗಿರುವುದೂ ಉಂಟು. 2014ರ ಏಪ್ರಿಲ್‌ನಲ್ಲಿ ನೈಜೀರಿಯಾ ತನ್ನ ಆಧಾರ ವರ್ಷವನ್ನು, ಅಂದರೆ ಬೆಲೆಗಳನ್ನೂ ಉದ್ಯಮಗಳ ತೂಕವನ್ನೂ ಯಾವ ವರ್ಷದಿಂದ ತೆಗೆದುಕೊಳ್ಳುತ್ತಾರೋ ಆ ವರ್ಷವನ್ನು, 1990ರಿಂದ 2010ಕ್ಕೆ ಬದಲಿಸಿತು. 1990ರಲ್ಲಿ ಅಲ್ಲಿ ಮೊಬೈಲ್ ಸೇವೆಯೂ ಇರಲಿಲ್ಲ, ಈಗಿನ ಚಲನಚಿತ್ರ ಉದ್ಯಮವೂ ಇರಲಿಲ್ಲ. ಅವನ್ನೆಲ್ಲ ಸೇರಿಸಿ ಲೆಕ್ಕ ಹಾಕಿದಾಗ 2013ರ ಜಿಡಿಪಿ ಶೇ 89ರಷ್ಟು ಹಿಗ್ಗಿ ಸುಮಾರು 51,000 ಕೋಟಿ ಡಾಲರ್ ಆಯಿತು, ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿ ನೈಜೀರಿಯಾ ಆ ಖಂಡದ ಅತಿ ದೊಡ್ಡ ಅರ್ಥವ್ಯವಸ್ಥೆಯೂ ಆಯಿತು. 2010ರಲ್ಲಿ ಘಾನಾ ಇದೇ ಕೆಲಸ ಮಾಡಿ ಕಡಿಮೆ ವರಮಾನದ ದೇಶಗಳ ಪಟ್ಟಿಯಿಂದಲೇ ಹೊರಬಂದಿತ್ತು. ಸಿರಿವಂತ ದೇಶಗಳೂ ಇದಕ್ಕೆ ಹೊರತಲ್ಲ. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಬೌದ್ಧಿಕ ಆಸ್ತಿಯನ್ನು ಐರ್ಲೆಂಡಿಗೆ ವರ್ಗಾಯಿಸಿದ್ದರಿಂದ 2015ರಲ್ಲಿ ಆ ದೇಶದ ಜಿಡಿಪಿ ಬೆಳವಣಿಗೆ ಶೇ 26 ಎಂದು ದಾಖಲಾಗಿ, ಅಲ್ಲಿನ ಸಂಖ್ಯಾಶಾಸ್ತ್ರ ಕಚೇರಿ ದೇಶವಾಸಿಗಳ ನಿಜವಾದ ವರಮಾನಕ್ಕಾಗಿ ಬೇರೊಂದು ಅಳತೆಯನ್ನೇ ರೂಪಿಸಬೇಕಾಯಿತು.

ಇಷ್ಟೆಲ್ಲ ಹೇಳುವ ನಾನೂ ಎಡವಿದ್ದೇನೆ. ವೃತ್ತಿಯ ಆರಂಭದ ದಿನಗಳಲ್ಲಿ ಒಂದು ವರದಿಗಾಗಿ ಆರು ದೇಶಗಳ ಕೋಷ್ಟಕ ತಯಾರಿಸುತ್ತಿದ್ದಾಗ, ನಾಲ್ಕು ದೇಶಗಳ ಅಂಕಿಗಳನ್ನು ಬೆಲೆ ಏರಿಕೆಯನ್ನು ಕಳೆದ ಸ್ಥಿರ ಬೆಲೆಯ ಸರಣಿಯಿಂದಲೂ ಉಳಿದೆರಡನ್ನು ಬೆಲೆ ಏರಿಕೆಯೂ ಸೇರಿರುವ ಪ್ರಚಲಿತ ಬೆಲೆಯ ಸರಣಿಯಿಂದಲೂ ತೆಗೆದುಕೊಂಡಿದ್ದೆ. ಎರಡೂ ಸರಣಿಗಳ ಶೀರ್ಷಿಕೆ ಮೊದಲ ಐದಾರು ಪದಗಳವರೆಗೆ ಒಂದೇ ಆಗಿತ್ತು, ಪರದೆಯ ಮೇಲೆ ಕಾಲಂ ಕಿರಿದಾಗಿದ್ದರಿಂದ ಉಳಿದ ಪದಗಳು ಕಾಣಿಸುತ್ತಿರಲಿಲ್ಲ. ಆ ಎರಡು ದೇಶಗಳು ಅಕಾರಣವಾಗಿ ಸಿರಿವಂತವಾದವು. ವರದಿ ಅಚ್ಚಾಗಿ ಬಂದ ಮೇಲೆ ಹಿರಿಯರೊಬ್ಬರು ಪೆನ್ಸಿಲ್‌ನಿಂದ ಆ ಎರಡು ಸಾಲುಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಒಂದು ಮಾತೂ ಆಡದೆ, ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅಂದಿನಿಂದ ಯಾವ ಕೋಷ್ಟಕ ಕೈಗೆ ಬಂದರೂ ನಾನು ಮೊದಲು ಓದುವುದು ಅಂಕಿಗಳನ್ನಲ್ಲ, ಅಡಿಯಲ್ಲಿರುವ ಸಣ್ಣ ಅಕ್ಷರದ ಟಿಪ್ಪಣಿಯನ್ನು.

ಹಣದ ಅಳತೆ ಸರಿಹೋಯಿತು ಎಂದುಕೊಂಡರೂ ಅದು ಯೋಗಕ್ಷೇಮದ ಅಳತೆಯಾಗುವುದಿಲ್ಲ. ರಾಷ್ಟ್ರೀಯ ವರಮಾನದ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸೆನೆಟ್‌ಗೆ ಸಲ್ಲಿಸಿದ ವರದಿಯಲ್ಲಿಯೇ ಈ ಎಚ್ಚರಿಕೆಯನ್ನು ಕೊಟ್ಟಿದ್ದರು. ಈಕ್ವಟೋರಿಯಲ್ ಗಿನಿ 1990ರ ದಶಕದಲ್ಲಿ ಸಿಕ್ಕ ತೈಲದಿಂದ ಆಫ್ರಿಕಾದ ಅತಿ ಹೆಚ್ಚು ತಲಾ ವರಮಾನದ ದೇಶಗಳಲ್ಲೊಂದಾಯಿತು, ಆದರೆ ಅಲ್ಲಿನವರ ಸರಾಸರಿ ಆಯುಷ್ಯ ಅರವತ್ತರ ಆಸುಪಾಸಿನಲ್ಲೇ ಉಳಿಯಿತು. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಕೋಸ್ಟರೀಕಾದ ತಲಾ ವರಮಾನ ಅಮೆರಿಕದ್ದರ ಸುಮಾರು ಮೂರನೇ ಒಂದು ಭಾಗ, ಆಯುಷ್ಯ ಮಾತ್ರ ಅಮೆರಿಕಕ್ಕೆ ಸರಿಸಮ, ಕೆಲ ವರ್ಷಗಳಲ್ಲಿ ತುಸು ಹೆಚ್ಚೇ. ಆ ದೇಶ 1941ರಲ್ಲಿ ಸಾಮಾಜಿಕ ಭದ್ರತಾ ನಿಧಿಯನ್ನು ಸ್ಥಾಪಿಸಿತು, 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿತು. 1990ರ ದಶಕದ ಮಧ್ಯದಿಂದ ಸರಿಸುಮಾರು ನಾಲ್ಕು ಸಾವಿರ ಜನರಿಗೊಂದರಂತೆ, ಮನೆಮನೆಗೆ ಹೋಗುವ ಕಾರ್ಯಕರ್ತರೂ ಇರುವ ಪ್ರಾಥಮಿಕ ಆರೋಗ್ಯ ತಂಡಗಳನ್ನು ಕಟ್ಟಿತು.

ನನ್ನ ದೃಷ್ಟಿಯಲ್ಲಿ ಅಭಿವೃದ್ಧಿಶೀಲ ದೇಶವೊಂದರ ಬಗ್ಗೆ ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಸರಿಸುಮಾರು ಅಷ್ಟೇ ವರಮಾನವಿರುವ ಬೇರೆ ದೇಶಗಳು ಅದೇ ಹಣದಲ್ಲಿ ತಮ್ಮ ಜನರಿಗೆ ಏನನ್ನು ಒದಗಿಸಿವೆ? ಬಡ ದೇಶವನ್ನು ನಾರ್ವೆಯ ಪಕ್ಕ ನಿಲ್ಲಿಸಿದರೆ ಸಿಗುವುದು ಮುಜುಗರ ಮಾತ್ರ. ಅದನ್ನು ಸಮವರಮಾನದವರ ಪಕ್ಕ ನಿಲ್ಲಿಸಿದರೆ ಕಾರಣಗಳು ಕಾಣಿಸತೊಡಗುತ್ತವೆ.

ಬಾಂಗ್ಲಾದೇಶವನ್ನೇ ಮತ್ತೆ ತೆಗೆದುಕೊಳ್ಳೋಣ. 1970ರ ದಶಕದ ಆರಂಭದಲ್ಲಿ ಸರಾಸರಿ ಆಯುಷ್ಯದಲ್ಲಿ ಅದು ಭಾರತಕ್ಕಿಂತ ಹಿಂದಿತ್ತು, ಮಕ್ಕಳ ಸಾವಿಗೆ ಅತಿಸಾರ ಬಹುದೊಡ್ಡ ಕಾರಣವಾಗಿತ್ತು. 1980ರಿಂದ 1990ರವರೆಗೆ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆಯರು ಸುಮಾರು 1.2 ಕೋಟಿ ಮನೆಗಳಿಗೆ ಹೋಗಿ, ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸಿ ದೇಹ ಕಳೆದುಕೊಂಡ ನೀರನ್ನು ತುಂಬುವ ಪುನರ್ಜಲೀಕರಣ ದ್ರಾವಣ ತಯಾರಿಸುವುದನ್ನು ತಾಯಂದಿರಿಗೆ ಕಲಿಸಿದರು. ಕಾರ್ಯಕರ್ತೆಗೆ ಸಂಭಾವನೆ ನಿಗದಿಯಾಗುತ್ತಿದ್ದದ್ದು ಎಷ್ಟು ಮನೆಗಳಿಗೆ ಹೋದಳು ಎಂಬುದರ ಮೇಲಲ್ಲ. ಕೆಲ ದಿನಗಳ ನಂತರ ಬೇರೊಬ್ಬರು ಹೋಗಿ ವಿಚಾರಿಸಿದಾಗ ಆ ತಾಯಂದಿರು ಎಷ್ಟನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ. ಜಿಡಿಪಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಖರ್ಚಿದು. ಇದರ ಜೊತೆಗೆ ಲಸಿಕೆ, ಮನೆಬಾಗಿಲಿಗೆ ಬಂದ ಕುಟುಂಬ ಯೋಜನೆ, ಹೆಣ್ಣುಮಕ್ಕಳ ಶಾಲೆ, ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಯುವತಿಯರಿಗೆ ಸಿಕ್ಕ ಸಂಬಳ ಎಲ್ಲವೂ ಸೇರಿ, ಮಹಿಳೆಯೊಬ್ಬಳಿಗೆ ಏಳರ ಸಮೀಪವಿದ್ದ ಹೆರಿಗೆಯ ಸರಾಸರಿ ಎರಡರ ಆಸುಪಾಸಿಗೆ ಬಂತು.

ವಿಯೆಟ್ನಾಂ ಇನ್ನೊಂದು ಉದಾಹರಣೆ. 2012ರಲ್ಲಿ ಹದಿನೈದು ವರ್ಷದ ಮಕ್ಕಳ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಗೆ ಮೊದಲ ಬಾರಿ ಸೇರಿದಾಗ ಅದರ ಗಣಿತದ ಅಂಕ 511, ಬಹುಪಾಲು ಸಿರಿವಂತ ದೇಶಗಳೇ ಇರುವ ಒಇಸಿಡಿ ಗುಂಪಿನ ಸರಾಸರಿ 494. ಮೆಚ್ಚುವುದಕ್ಕೆ ಮುನ್ನ, ಅಲ್ಲಿ ಆ ವಯಸ್ಸಿನ ಮಕ್ಕಳಲ್ಲಿ ಗಣನೀಯ ಭಾಗ ಆಗಲೇ ಶಾಲೆ ಬಿಟ್ಟಿದ್ದರು, ಪರೀಕ್ಷೆ ಬರೆದವರಲ್ಲಿ ಅವರಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅಷ್ಟನ್ನು ಕಳೆದರೂ ಸಾಧನೆ ದೊಡ್ಡದೇ.

ನಿರುದ್ಯೋಗ ದರವನ್ನು ಮಾತ್ರ ಬಡ ದೇಶ ಮತ್ತು ಶ್ರೀಮಂತ ದೇಶಗಳ ನಡುವೆ ಹೋಲಿಸಲೇಬೇಡಿ. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ ಎಂಬುದು ಅಂತರರಾಷ್ಟ್ರೀಯ ವ್ಯಾಖ್ಯೆ; ನಿರುದ್ಯೋಗ ಭತ್ಯೆ ಇಲ್ಲದ ಕಡೆ ಬಡವರಿಗೆ ಕೆಲಸವಿಲ್ಲದೆ ಕುಳಿತಿರುವಷ್ಟು ಅನುಕೂಲವೇ ಇರುವುದಿಲ್ಲ.

ಅಸಮಾನತೆಯ ಅಂಕಿಗೂ ಇಷ್ಟೇ ಎಚ್ಚರ ಬೇಕು. 2025ರ ಜುಲೈನಲ್ಲಿ ಭಾರತ ಸರ್ಕಾರದ ಪ್ರಕಟಣೆಯೊಂದು ವಿಶ್ವಬ್ಯಾಂಕಿನ ದತ್ತಾಂಶವನ್ನು ಆಧರಿಸಿ, 25.5ರ ಗಿನಿ ಸೂಚ್ಯಂಕದೊಂದಿಗೆ (ಸೊನ್ನೆ ಎಂದರೆ ಪೂರ್ಣ ಸಮಾನತೆ, ನೂರು ಎಂದರೆ ಪೂರ್ಣ ಅಸಮಾನತೆ) ಭಾರತ ಜಗತ್ತಿನ ನಾಲ್ಕನೇ ಅತ್ಯಂತ ಸಮಾನ ಸಮಾಜವೆಂದು ಹೇಳಿತು. ಅಮೆರಿಕದ ಸೂಚ್ಯಂಕ 41.8 ಎಂಬುದು ಅದರ ಪಕ್ಕದಲ್ಲಿತ್ತು. ಭಾರತದ ಅಂಕಿ ಕುಟುಂಬಗಳು ಮಾಡುವ ಖರ್ಚಿನದು, ಅಮೆರಿಕದ್ದು ಅವು ಗಳಿಸುವ ವರಮಾನದ್ದು. ಸಿರಿವಂತರು ಗಳಿಸಿದ್ದನ್ನೆಲ್ಲ ಖರ್ಚು ಮಾಡುವುದಿಲ್ಲ, ಬಡವರು ಸಾಲ ಮಾಡಿಯಾದರೂ ಉಣ್ಣುತ್ತಾರೆ. ಹಾಗಾಗಿ ಖರ್ಚಿನ ಅಸಮಾನತೆ ವರಮಾನದ ಅಸಮಾನತೆಗಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ವಿಶ್ವ ಅಸಮಾನತೆ ದತ್ತಾಂಶದ ಪ್ರಕಾರ 2023ರಲ್ಲಿ ಭಾರತದ ವರಮಾನದ ಗಿನಿ 62, ಇದನ್ನು ವಿಶ್ವಬ್ಯಾಂಕಿನ 2025ರ ಟಿಪ್ಪಣಿಯೇ ಉಲ್ಲೇಖಿಸಿತ್ತು. ಆ ಅಂದಾಜಿನ ವಿಧಾನದ ಬಗ್ಗೆ ತಕರಾರುಗಳಿವೆ, ಇರಲಿ. 25.5ನ್ನು 41.8ರ ಪಕ್ಕ ಇಡಬಾರದು ಎಂಬುದರಲ್ಲಿ ತಕರಾರಿಲ್ಲ.

ಕೊನೆಯದಾಗಿ ರ‍್ಯಾಂಕಿನ ವಿಷಯ. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರ ನೇತೃತ್ವದಲ್ಲಿ, ಅಮರ್ತ್ಯ ಸೇನ್ ಅವರ ಸಹಕಾರದಿಂದ 1990ರಲ್ಲಿ ಮೂಡಿಬಂದ, ಆಯುಷ್ಯ, ಶಿಕ್ಷಣ, ವರಮಾನ ಮೂರನ್ನೂ ಒಂದೇ ಅಂಕಕ್ಕೆ ತರುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ನಾನು ಗೌರವಿಸುತ್ತೇನೆ. ಜಿಡಿಪಿಯೊಂದರ ಮೇಲೇ ನೆಟ್ಟಿದ್ದ ಕಣ್ಣುಗಳನ್ನು ಆಯುಷ್ಯ ಮತ್ತು ಶಾಲೆಯತ್ತ ತಿರುಗಿಸಿದ್ದು ಅದೇ. 2025ರ ವರದಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶ ಎರಡೂ 0.685 ಅಂಕದೊಂದಿಗೆ 130ನೇ ಸ್ಥಾನದಲ್ಲಿವೆ. ಲೆಕ್ಕವನ್ನು ಬಿಡಿಸಿ ನೋಡೋಣ. ಭಾರತದ ಆಯುಷ್ಯ 72, ಬಾಂಗ್ಲಾದೇಶದ್ದು 74.7. ಕನಿಷ್ಠ 20, ಗರಿಷ್ಠ 85 ಎಂದು ಇಟ್ಟುಕೊಂಡು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಲೆಕ್ಕ ಹಾಕಿದರೆ ಕ್ರಮವಾಗಿ 0.80 ಮತ್ತು 0.84 ಸಿಗುತ್ತದೆ. ಶಾಲಾ ಶಿಕ್ಷಣದಲ್ಲಿ ಭಾರತ 0.59, ಬಾಂಗ್ಲಾದೇಶ 0.57. ತಲಾ ವರಮಾನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಭಾರತದ್ದು ಸುಮಾರು 9,050 ಡಾಲರ್, ಬಾಂಗ್ಲಾದೇಶದ್ದು 8,500. ಲಾಗರಿದಮ್ ತೆಗೆದ ಮೇಲೆ 0.68 ಮತ್ತು 0.67. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ ಎರಡೂ ದೇಶ ಒಂದೇ ಮೆಟ್ಟಿಲಿಗೆ ಬರುತ್ತವೆ. ಒಬ್ಬರ ಬದುಕಿನ ಎರಡು ವರ್ಷ ಎಂಟು ತಿಂಗಳಿಗೆ ಪ್ರತಿಯಾಗಿ ಇನ್ನೊಬ್ಬರ ಶಾಲೆಯ ಕೆಲವು ತಿಂಗಳು ಮತ್ತು ವರ್ಷಕ್ಕೆ ಐನೂರೈವತ್ತು ಡಾಲರ್: ಈ ವಿನಿಮಯ ದರವನ್ನು ಎರಡೂ ದೇಶಗಳ ಯಾವ ತಾಯಿಯನ್ನು ಕೇಳಿಯೂ ನಿಗದಿಪಡಿಸಿದ್ದಲ್ಲ, ಸೂತ್ರದೊಳಗೆ ಅದು ತಾನಾಗಿ ಕುಳಿತಿದೆ. ಆದ್ದರಿಂದ ನನ್ನಲ್ಲಿ ಈ ಕೋಷ್ಟಕವನ್ನು ಕೇಳಿದವರಿಗೆ ನಾನು ರ‍್ಯಾಂಕಿನ ಕಾಲಂ ಅಳಿಸಿ, ಉಳಿದ ಕಾಲಂಗಳನ್ನಷ್ಟೇ ಕಳುಹಿಸುತ್ತೇನೆ. ರ‍್ಯಾಂಕ್ ಎಲ್ಲಿ ಎಂದು ಕೇಳಿ ಮರುದಿನ ಫೋನ್ ಬರುತ್ತದೆ.