ಎಣಿಕೆ ಕೋತಿಗೂ ಬರುತ್ತದೆ, ಮಾತು ಯಾಕೆ ಬರುವುದಿಲ್ಲ?

ಬರೆಯುವಾಗ ಪದಗಳ ನಡುವೆ ಜಾಗ ಬಿಡುತ್ತೇವೆ, ಮಾತಾಡುವಾಗ ಬಿಡುವುದಿಲ್ಲ. ‘ಅವನು ಮನೆಯಲ್ಲಿ ಇಲ್ಲ’ ಎಂಬುದು ಬಾಯಿಂದ ಹೊರಬೀಳುವಾಗ ‘ಅವ್ನ್ಮನೇಲಿಲ್ಲ’ ಆಗಿರುತ್ತದೆ. ಒಂದು ಪದವೂ ಗೊತ್ತಿಲ್ಲದ ಕೂಸು ಇದರಲ್ಲಿ ಗಡಿಯನ್ನು ಎಲ್ಲಿ ಹುಡುಕಬೇಕು?

1996ರಲ್ಲಿ ಜೆನ್ನಿ ಸ್ಯಾಫ್ರನ್, ರಿಚರ್ಡ್ ಆಸ್ಲಿನ್ ಮತ್ತು ಎಲಿಸಾ ನ್ಯೂಪೋರ್ಟ್ ಈ ಪ್ರಶ್ನೆಯನ್ನು ಎಂಟು ತಿಂಗಳ ಶಿಶುಗಳ ಮುಂದಿಟ್ಟರು. ಟುಪಿರೊ, ಗೊಲಬು, ಬಿಡಕು, ಪಡೊಟಿ ಎಂಬಂಥ ನಾಲ್ಕು ಅರ್ಥವಿಲ್ಲದ ಪದಗಳನ್ನು ಕಂಪ್ಯೂಟರ್ ದನಿಯಲ್ಲಿ, ಏರಿಳಿತವಿಲ್ಲದೆ, ನಡುವೆ ಉಸಿರೂ ಬಿಡದೆ ಎರಡು ನಿಮಿಷ ಕೇಳಿಸಿದರು. ಗಡಿಯ ಸುಳಿವು ಒಂದೇ. ‘ಟು’ ಬಂದರೆ ಮುಂದೆ ‘ಪಿ’ ಬರುವುದು ಖಚಿತ. ಆದರೆ ‘ರೊ’ ಮುಗಿದ ಮೇಲೆ ಉಳಿದ ಮೂರು ಪದಗಳಲ್ಲಿ ಯಾವುದೂ ಬರಬಹುದು, ಅಂದರೆ ಸಂಭವನೀಯತೆ ಮೂರರಲ್ಲಿ ಒಂದು.

ಮಾತಾಡಲಾರದ ಕೂಸಿನಿಂದ ಉತ್ತರ ಪಡೆಯುವುದು ತಾಳ್ಮೆಯ ಕೆಲಸ. ಮಗು ಅಪ್ಪನದೋ ಅಮ್ಮನದೋ ತೊಡೆಯ ಮೇಲೆ ಕೂತಿರುತ್ತದೆ. ತೊಡೆ ಕೊಟ್ಟವರ ಕಿವಿಗೆ ಹೆಡ್‌ಫೋನು, ಅದರಲ್ಲಿ ಸಂಗೀತ. ಇಲ್ಲದಿದ್ದರೆ ಅವರೇ ಗೊತ್ತಿಲ್ಲದೆ ಮಗುವಿಗೆ ಸನ್ನೆ ಕೊಟ್ಟುಬಿಡುತ್ತಾರೆ. ಪಕ್ಕದ ಗೋಡೆಯಲ್ಲಿ ದೀಪ ಮಿನುಗುತ್ತದೆ, ಮಗು ಅತ್ತ ತಿರುಗಿದರೆ ಅಲ್ಲಿನ ಸ್ಪೀಕರ್ ನುಡಿಯುತ್ತದೆ. ಮಗು ಎರಡು ಸೆಕೆಂಡು ಮುಖ ತಿರುಗಿಸಿದರೆ ದನಿ ನಿಲ್ಲುತ್ತದೆ. ಹೊರಗೆ ಕೂತು ಗುಂಡಿ ಒತ್ತುವವರಿಗೆ ಯಾವ ದನಿ ನುಡಿಯುತ್ತಿದೆ ಎಂದು ತಿಳಿದಿರುವುದಿಲ್ಲ. ಮೊದಲ ಪ್ರಯೋಗದ 24 ಶಿಶುಗಳು ಪರಿಚಿತ ಪದವನ್ನು ಸರಾಸರಿ 7.97 ಸೆಕೆಂಡು ಕೇಳಿದವು, ಅದೇ ಅಕ್ಷರಗಳನ್ನು ಅದಲುಬದಲು ಮಾಡಿದ ಹೊಸದನ್ನು 8.85 ಸೆಕೆಂಡು. ಹೊಸದಕ್ಕೆ ಹೆಚ್ಚು ಹೊತ್ತು ಕಿವಿಗೊಟ್ಟವು ಎಂದರೆ ಹಳೆಯದನ್ನು ಗುರುತಿಸಿದವು ಎಂದರ್ಥ. ವ್ಯತ್ಯಾಸ ಒಂದು ಸೆಕೆಂಡೂ ಇಲ್ಲ. ಈ ಕ್ಷೇತ್ರದ ದೊಡ್ಡ ತೀರ್ಮಾನಗಳು ನಿಂತಿರುವುದು ಇಂಥ ತೆಳುವಾದ ಅಂತರಗಳ ಮೇಲೆ ಎಂಬುದನ್ನು ಮರೆಯಬಾರದು.

ಹಾಗಾದರೆ ಈ ಲೆಕ್ಕಾಚಾರ ಭಾಷೆಗೆಂದೇ ಮನುಷ್ಯನಿಗೆ ದಕ್ಕಿದ್ದೇ? 2001ರಲ್ಲಿ ಮಾರ್ಕ್ ಹೌಸರ್ ಅವರು ನ್ಯೂಪೋರ್ಟ್ ಮತ್ತು ಆಸ್ಲಿನ್ ಜೊತೆ ಸೇರಿ ಇಂಥದೇ ಧ್ವನಿಸರಣಿಯನ್ನು ಕಾಟನ್‌ಟಾಪ್ ಟ್ಯಾಮರಿನ್ ಎಂಬ ಪುಟ್ಟ ದಕ್ಷಿಣ ಅಮೆರಿಕದ ಕೋತಿಗಳಿಗೆ ಸುಮಾರು 20 ನಿಮಿಷ ಕೇಳಿಸಿದರು. ಮರುದಿನ ಅಡಗಿಸಿಟ್ಟ ಸ್ಪೀಕರಿನಿಂದ ಒಂದೊಂದೇ ಪದ. ಅಪರಿಚಿತ ಜೋಡಣೆ ಬಂದಾಗ ಕೋತಿಗಳು ಹೆಚ್ಚು ಸಲ ಅತ್ತ ತಿರುಗಿದವು. ಅಕ್ಷರಗಳ ಸರಣಿಯನ್ನು ಎಣಿಸುವ ಜಾಣ್ಮೆ ಮನುಷ್ಯನ ಸ್ವತ್ತಲ್ಲ ಎಂದಾಯಿತು.

ಮುಂದಿನ ಹೆಜ್ಜೆಯಲ್ಲಿ ಕಥೆ ಕೆಟ್ಟಿತು. 1999ರಲ್ಲಿ ಗ್ಯಾರಿ ಮಾರ್ಕಸ್ ತಂಡ ಏಳು ತಿಂಗಳ ಶಿಶುಗಳಿಗೆ ‘ಗ ಟಿ ಗ’, ‘ಲಿ ನ ಲಿ’ ಎಂಬಂಥ, ಮೊದಲ ಮತ್ತು ಕೊನೆಯ ಅಕ್ಷರ ಒಂದೇ ಆಗಿರುವ ಮಾದರಿಯನ್ನು ರೂಢಿ ಮಾಡಿಸಿ, ಹಿಂದೆಂದೂ ಕೇಳದ ಅಕ್ಷರಗಳಲ್ಲಿ ಪರೀಕ್ಷಿಸಿತ್ತು. ಅಕ್ಷರಗಳೇ ಹೊಸವಾದ್ದರಿಂದ ಎಣಿಕೆ ಇಲ್ಲಿ ನೆರವಾಗದು, ನಿಯಮವನ್ನೇ ಹಿಡಿಯಬೇಕು. 16ರಲ್ಲಿ 15 ಶಿಶುಗಳು ನಿಯಮ ಮುರಿದ ಸರಣಿಗಳಿಗೆ ಹೆಚ್ಚು ಹೊತ್ತು ಗಮನ ಕೊಟ್ಟವು. 2002ರಲ್ಲಿ ಟ್ಯಾಮರಿನ್‌ಗಳೂ ಇದನ್ನು ಮಾಡುತ್ತವೆ ಎಂಬ ಹೌಸರ್ ಪ್ರಬಂಧ ಬಂತು; 2010ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಮೆರಿಕದ ಸಂಶೋಧನಾ ನೈತಿಕತೆಯ ಕಚೇರಿ 2012ರಲ್ಲಿ ಕೊಟ್ಟ ವರದಿಯಂತೆ, ರೂಢಿಯಾದ ಮಾದರಿಯನ್ನೇ ಕೋತಿಗಳಿಗೆ ಮರಳಿ ಕೇಳಿಸಿ ನೋಡಿರಲೇ ಇಲ್ಲ. ಹೋಲಿಕೆಗೆ ಬೇಕಿದ್ದ ಆ ಅರ್ಧ ದತ್ತಾಂಶ ಕಟ್ಟುಕತೆ. ಕೋತಿ ಕತ್ತು ತಿರುಗಿಸಿತೋ ಸುಮ್ಮನೆ ಮೈ ಕೆರೆದುಕೊಂಡಿತೋ ಎಂದು ತೀರ್ಮಾನಿಸುವವರಿಗೆ ಯಾವ ದನಿ ನುಡಿಯಿತು ಎಂದು ತಿಳಿದಿರಲೇಬಾರದು ಎಂಬ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ.

ನನ್ನ ಮಟ್ಟಿಗೆ, ಶಿಶು ಮತ್ತು ಕೋತಿಯ ದಾರಿ ಕವಲೊಡೆಯುವುದು ಕಿವಿ ಒಂದು ಭಾಷೆಗೆ ಒಗ್ಗಿಕೊಳ್ಳುವ ಕಡೆ. ‘ಮುತ್ತು’ ಮತ್ತು ‘ಮುಟ್ಟು’ ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಮಾತ್ರ ಬಲ್ಲ ಹಿರಿಯರಿಗೆ ಈ ತ-ಟ ವ್ಯತ್ಯಾಸ ಹಿಡಿಯುವುದೇ ಕಷ್ಟ. ಆದರೆ ಅವರ ಕೂಸುಗಳಿಗೆ ಅದು ಕೇಳಿಸುತ್ತದೆ! ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ಇದೇ ಜೋಡಿಯನ್ನು ಬಳಸಿ ನೋಡಿದಾಗ, ಇಂಗ್ಲಿಷ್ ಮನೆಯ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಅದನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಪಾಲು ಕರಗಿತ್ತು. ಮನೆಯಲ್ಲಿ ಬಳಕೆಯಿಲ್ಲದ ಗಡಿಯನ್ನು ಮಗು ಬಿಟ್ಟುಕೊಡುತ್ತದೆ, ಬಳಕೆಯಲ್ಲಿರುವುದನ್ನು ಚೂಪು ಮಾಡಿಕೊಳ್ಳುತ್ತದೆ.

ಪೆಟ್ರೀಷಿಯಾ ಕೂಲ್ 1991ರಲ್ಲಿ ಇದರ ಇನ್ನೊಂದು ಮಗ್ಗುಲು ತೋರಿಸಿದರು. ‘ಈ’ ಸ್ವರದ ಒಂದು ಚೊಕ್ಕ ಉಚ್ಚಾರಕ್ಕೆ ಹತ್ತಿರದ ಉಚ್ಚಾರಗಳೆಲ್ಲ ಹಿರಿಯರಿಗೂ ಆರು ತಿಂಗಳ ಶಿಶುಗಳಿಗೂ ಅದರಂತೆಯೇ ಕೇಳುತ್ತವೆ. ಅಷ್ಟು ಚೊಕ್ಕವಲ್ಲದ ‘ಈ’ಗೆ ಆ ಸೆಳೆತವಿಲ್ಲ. ರೀಸಸ್ ಕೋತಿಗಳಿಗೆ ಚೊಕ್ಕದ್ದೂ ಅಲ್ಲದ್ದೂ ಒಂದೇ.

ಹಾಗೆಂದು ಕಿವಿ ಬರೀ ಸದ್ದಿನಿಂದ ಒಗ್ಗುವುದಿಲ್ಲ. 2003ರಲ್ಲಿ ಕೂಲ್ ತಂಡ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳಿಗೆ ತಲಾ 25 ನಿಮಿಷದಂತೆ 12 ಸಲ ಮ್ಯಾಂಡರಿನ್ ಕೇಳಿಸಿತು. ಎದುರು ಕೂತು ಆಡಿಸಿದವರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದ ಹಿಡಿದವು. ಅದೇ ಜನರನ್ನು ಟಿವಿಯಲ್ಲಿ ನೋಡಿದವು ಏನೂ ಕಲಿಯಲಿಲ್ಲ.

ಇನ್ನು ಬಾಯಿ. ಕೋತಿಯ ಗಂಟಲೇ ಮಾತಿಗೆ ತಕ್ಕುದಲ್ಲ ಎಂಬ ಹಳೆಯ ವಾದ ಈಗ ಸಡಿಲಾಗಿದೆ. 2016ರಲ್ಲಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಮೆಕಾಕ್ ಕೋತಿಯ ಎಕ್ಸ್‌-ರೇ ವಿಡಿಯೊಗಳಿಂದ ಲೆಕ್ಕ ಹಾಕಿ, ಆ ಬಾಯಿ-ಗಂಟಲಲ್ಲಿ ಅರ್ಥವಾಗುವಷ್ಟು ಸ್ವರಗಳು ಹೊರಡಬಲ್ಲವು ಎಂದರು. ಅವರ ಪ್ರಕಾರ ಕೊರತೆ ಇರುವುದು ಅದನ್ನು ಆಡಿಸುವ ಮಿದುಳಿನಲ್ಲಿ.

ಜೊತೆಯವರ ಉತ್ತರದಿಂದ ದನಿ ಮಾಗುವುದು ಕೂಡ ಕೋತಿಗಳಿಗೆ ಅಪರಿಚಿತವಲ್ಲ. ಮಾರ್ಮೊಸೆಟ್ ಮರಿಗಳ ಚೀರಾಟ ಎರಡು ತಿಂಗಳಲ್ಲಿ ದೊಡ್ಡವರ ಸಿಳ್ಳೆಯಂಥ ಕರೆಯಾಗಿ ಹದಗೊಳ್ಳುತ್ತದೆ. ತಂದೆತಾಯಿ ಹೆಚ್ಚು ಓಗೊಟ್ಟ ಮರಿಗಳಲ್ಲಿ ಬೇಗ ಹದಗೊಳ್ಳುತ್ತದೆ ಎಂದು 2015ರಲ್ಲಿ ಪ್ರಿನ್ಸ್‌ಟನ್ ಸಂಶೋಧಕರು ತೋರಿಸಿದರು. ಆದರೆ ಆ ಸಿಳ್ಳೆ ಇಡೀ ಜಾತಿಗೆ ಸೇರಿದ್ದು. ಮರಿ ಯಾವ ಮನೆಯಲ್ಲಿ ಬೆಳೆದರೂ ಅದೇ ಕರೆಗೆ ಬಂದು ಸೇರುತ್ತದೆ.