‘ಮರ’ ಕೇಳಿದರೆ ‘ಮರಿ’ ಕೊಡುವ ಯಂತ್ರ

ಪದಬಂಧದ ಐದು ಚೌಕಗಳಲ್ಲಿ ಮೊದಲೆರಡು ‘ಮರ’ ಎಂದು ತುಂಬಿದ್ದವು. ಮುಂದಿನ ಮೂರು ಹೊಳೆಯಲಿಲ್ಲ. ಕಂಪ್ಯೂಟರಿನಲ್ಲಿ ಕಾಗುಣಿತ ತಿದ್ದುವ ತಂತ್ರಾಂಶದ ಪದಪಟ್ಟಿ ಹೇಗೂ ಇತ್ತು. ಅದರ ನೆರವು ಪಡೆಯುವುದು ಮೋಸವೇ, ಇರಲಿ.

ಲಿಬ್ರೆಆಫೀಸ್, ಫೈರ್‌ಫಾಕ್ಸ್‌ನಂಥ ತಂತ್ರಾಂಶಗಳು ಕಾಗುಣಿತ ತಿದ್ದಲು ಬಳಸುವ ಹನ್‌ಸ್ಪೆಲ್‌ನ ನಿಘಂಟು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯದ ಕಡತ. ಮೊದಲ ಸಾಲಿನಲ್ಲಿ ಪದಗಳ ಸಂಖ್ಯೆ, ಆಮೇಲೆ ಸಾಲಿಗೊಂದು ಪದ. ಅವನ್ನು ಯೂನಿಕೋಡ್ ಕ್ರಮದಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳಿಗಿರುವ ಸಂಕೇತಸಂಖ್ಯೆಗಳ ಕ್ರಮದಲ್ಲಿ, ಜೋಡಿಸಿಕೊಂಡರೆ ಹುಡುಕಾಟ 1894ರ ಕಿಟೆಲ್ ಕೋಶವನ್ನು ತೆರೆದಂತೆಯೇ. ನಡುಪುಟ ತೆರೆಯುವುದು, ಬೇಕಾದ ಪದ ಹಿಂದಿದೆಯೋ ಮುಂದಿದೆಯೋ ನೋಡುವುದು, ಬೇಡದ ಅರ್ಧವನ್ನು ಕೈಬಿಡುವುದು. 1 ಲಕ್ಷ ಪದಗಳಿದ್ದರೂ ಹೀಗೆ 17 ಸಲ ಇಬ್ಭಾಗ ಮಾಡಿದರೆ ಸಾಕು. ‘ಮರ’ದಿಂದ ಆರಂಭವಾಗುವ ಪದಗಳೆಲ್ಲ ಅಲ್ಲಿ ಒಂದೇ ಕಡೆ ಗುಂಪಾಗಿರುತ್ತವೆ.

ಗುಂಪು ಸಿಕ್ಕಿತು. ಆದರೆ ಅದರೊಳಗೆ ‘ಮರಿ’, ‘ಮರೆ’, ‘ಮರ್ಮ’ಗಳೂ ನುಸುಳಿದ್ದವು! ‘ಮರಿ’ಯಲ್ಲಿ ‘ಮರ’ ಇದೆ ಎಂದರೆ ಒಂದನೆಯ ತರಗತಿಯ ಮಗುವೂ ನಗುತ್ತದೆ. ಯಂತ್ರದ ಕಣ್ಣಿಗೆ ಮಾತ್ರ ಇದೆ. ನಮಗೆ ‘ರಿ’ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಎರಡು ಸಂಕೇತ, ಮೊದಲು ‘ರ’, ಅದರ ಹಿಂದೆ ಗುಡಿಸು. ಗುಡಿಸಿಗೆ, ಕೊಂಬಿಗೆ, ಇಳಿಗೆ ಬೇರೆ ಬೇರೆ ಸಂಕೇತಗಳಿವೆ, ತಲಕಟ್ಟಿಗೆ ಮಾತ್ರ ಇಲ್ಲ. ಹಾಗಾಗಿ ನಾವು ಟೈಪಿಸಿದ ‘ರ’ ಅಲ್ಲಿಗೇ ಮುಗಿಯಿತೋ ಮುಂದೆ ‘ರಿ’ ಆಗಲಿದೆಯೋ ಎಂಬುದು ಯಂತ್ರಕ್ಕೆ ತಿಳಿಯದು.

ಉಪಾಯವೂ ಆ ಸಂಕೇತಗಳ ಸಾಲಿನಲ್ಲೇ ಇದೆ. ಸ್ವರಚಿಹ್ನೆಗಳಿಗೆ ಜಾಗ ಸಿಕ್ಕಿರುವುದು ‘ಹ’ ದಾಟಿದ ಮೇಲೆ. ಆದ್ದರಿಂದ ಗುಂಪಿನಲ್ಲಿ ನಿಜವಾದ ‘ಮರ’ಗಳು ಮೊದಲು ಬರುತ್ತವೆ, ‘ಮರಾ’, ‘ಮರಿ’ಗಳ ಸರದಿ ಆಮೇಲೆ. ‘ರ’ದ ಬೆನ್ನಿಗೆ ಚಿಹ್ನೆಯೊಂದು ಕಂಡ ತಕ್ಷಣ ನಿಂತುಬಿಟ್ಟರಾಯಿತು.

ಇನ್ನೊಂದು ತೊಡಕಿದೆ. ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವ ನುಡಿ. ಅಷ್ಟೂ ರೂಪಗಳನ್ನು ಪಟ್ಟಿಮಾಡಲು ಹೋದರೆ ಕಡತ ಬೆಟ್ಟವಾಗುತ್ತದೆ. ಅದಕ್ಕೇ ಮೂಲಪದದ ಪಕ್ಕದಲ್ಲಿ ಓರೆಗೆರೆ ಎಳೆದು ಗುರುತಿನ ಅಕ್ಷರಗಳನ್ನು ಬರೆದಿರುತ್ತಾರೆ. ಯಾವ ಗುರುತಿಗೆ ಯಾವ ಪ್ರತ್ಯಯ ಎಂಬ ನಿಯಮಗಳು ಬೇರೊಂದು ಕಡತದಲ್ಲಿರುತ್ತವೆ. ಹೀಗೆ ಕಟ್ಟಿದ ಪಟ್ಟಿಯಲ್ಲಿ ‘ಮರ’ ಇದ್ದರೂ ‘ಮರಕ್ಕೆ’, ‘ಮರದಿಂದ’ ಇರಬೇಕೆಂದಿಲ್ಲ. ಇಂಗ್ಲಿಷಿನ ಪಾಡು ಇನ್ನೂ ಕಷ್ಟ. ಅಲ್ಲಿ ‘ಅನ್‌ಹ್ಯಾಪಿ’ಯು ‘ಹ್ಯಾಪಿ’ಯ ಗುರುತಿನೊಳಗೆ ಅಡಗಿರುವುದರಿಂದ ‘ಅನ್’ ಎಂದು ಹುಡುಕಿದವರಿಗೆ ಸಿಗುವುದೇ ಇಲ್ಲ. ನಮ್ಮ ವಿಭಕ್ತಿಗಳು ಬಾಲಕ್ಕಷ್ಟೇ ಅಂಟುವುದರಿಂದ ಪದದ ತಲೆಯಾದರೂ ಕೈಗೆ ಸಿಗುತ್ತದೆ.

ನನಗೆ ಬೇಕಿದ್ದುದು ‘ಮರಕುಟಿಗ’. ‘ಮರ’ದ ಗುಂಪಿನ ಮೊದಮೊದಲ ಸಾಲುಗಳಲ್ಲೇ ಕುಳಿತಿತ್ತು.