ಮೊದಲನೇ ಗೇಮ್, ಖಾಲಿ ಸ್ಕ್ರೀನ್, ಓಡದ ತಲೆ: ನನ್ನ ಸ್ಟಡಿ ನೋಟ್ಸ್

ಗೇಮ್ ಡಿಸೈನ್ ಕಲೀತಾ ಇರೋ ನನ್ನಂಥವರಿಗೆ ಅಂತ ಈ ನೋಟ್ಸ್ ಬರೀತಿದೀನಿ. ಟ್ಯುಟೋರಿಯಲ್ ನೋಡ್ಕೊಂಡು ಮಾಡೋವರೆಗೂ ಎಲ್ಲಾ ಸಲೀಸಾಗೇ ಹೋಗ್ತಿರತ್ತೆ, ಕ್ಯಾರೆಕ್ಟರ್ ಓಡತ್ತೆ, ಜಂಪ್ ಮಾಡತ್ತೆ, ಕಾಯಿನ್ ಎತ್ಕೊಳತ್ತೆ, ಆಮೇಲೆ ಒಂದಿನ ಸರಿ ಇನ್ನು ನಂದೇ ಗೇಮ್ ಮಾಡೋಣ ಅಂತ ಹೊಸ ಪ್ರಾಜೆಕ್ಟ್ ಓಪನ್ ಮಾಡಿ ಕೂತ್ರೆ ಗಂಟೆಗಟ್ಟಲೆ ಕೂತ್ರೂ ಕೈ ಓಡಲ್ಲ. ನನಗೆ ಇದು ನಾಲ್ಕು ತಿಂಗಳು ಕಾಡಿದೆ.

ಆ ನಾಲ್ಕು ತಿಂಗಳಲ್ಲಿ ಐಡಿಯಾಗೇನೂ ಬರ ಇರ್ಲಿಲ್ಲ. ವಿಜಯನಗರ ಕಾಲದ ಹಂಪಿ ಬಜಾರಲ್ಲಿ ವ್ಯಾಪಾರ ಮಾಡೋ ಹುಡುಗನ ಕಥೆ, ಕುದುರೆ ಸಂತೆ, ತುಂಗಭದ್ರೆ ದಾಟೋಕೆ ಹರಿಗೋಲು, ಹಗಲು ರಾತ್ರಿ ಬದಲಾಗೋ ಊರು, ಹೀಗೆ ಒಂದು ನೋಟ್‌ಬುಕ್ ಪೂರ್ತಿ ಬರ್ದಿದ್ದೆ. ಆದ್ರೆ ಆಡೋನು ಬಟನ್ ಒತ್ತಿದ್ರೆ ಏನಾಗತ್ತೆ ಅನ್ನೋದು ಆ ನೋಟ್‌ಬುಕ್‌ನಲ್ಲಿ ಒಂದು ಸಾಲೂ ಇರ್ಲಿಲ್ಲ. ನಾನು ಬರೆದಿದ್ದೆಲ್ಲಾ ಪ್ರಪಂಚದ ಬಗ್ಗೆ, ಆಟದ ಬಗ್ಗೆ ಏನೂ ಇಲ್ಲ. ತಲೆಯೊಳಗಿರೋ ಗೇಮ್ ಯಾವತ್ತೂ ಚೆನ್ನಾಗೇ ಕಾಣ್ಸತ್ತೆ ಯಾಕಂದ್ರೆ ಅದನ್ನ ಆಡಿ ನೋಡೋಕಾಗಲ್ಲ, ಎಲ್ಲಿ ಬೋರ್ ಹೊಡಿಯತ್ತೆ ಅಂತ ಗೊತ್ತಾಗಲ್ಲ, ಗೊತ್ತಾಗದೆ ಇದ್ರೆ ಮುಂದಿನ ಹೆಜ್ಜೆ ಏನು ಅನ್ನೋದೂ ಹೊಳೆಯಲ್ಲ. ಬ್ಲಾಕ್ (ಏನೂ ಹೊಳೆಯದೆ ನಿಂತುಬಿಡೋದು) ಅಂತ ನಾವು ಕರೆಯೋದು ಬಹುಪಾಲು ಇದನ್ನೇ ಅಂತ ನನಗೆ ಈಗ ಅನ್ಸತ್ತೆ.

ಟೆಟ್ರಿಸ್‌ನಿಂದ ಕಲಿತಿದ್ದು

1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯಲ್ಲಿ ಕೆಲಸ ಮಾಡ್ತಿದ್ದ ಅಲೆಕ್ಸಿ ಪಾಜಿಟ್ನೋವ್ ಟೆಟ್ರಿಸ್ ಮಾಡಿದ್ರು, ಮೇಲಿಂದ ಬೀಳೋ ಆಕಾರಗಳನ್ನ ಸಂದಿ ಬಿಡದೆ ಜೋಡಿಸೋ ಗೇಮ್. ಅವರು ಶುರು ಮಾಡಿದ್ದು ಪೆಂಟಾಮಿನೊ ಅನ್ನೋ ಪಜಲ್‌ನಿಂದ, ಐದೈದು ಚೌಕ ಸೇರಿದ 12 ಆಕಾರ ಇರತ್ತೆ, ಅವನ್ನ ಪೆಟ್ಟಿಗೆಯೊಳಗೆ ಸಂದಿ ಬಿಡದೆ ಜೋಡಿಸ್ಬೇಕು. 12 ಜಾಸ್ತಿ ಆಯ್ತು ಅಂತ ನಾಲ್ಕು ಚೌಕಕ್ಕೆ ಇಳಿಸಿದ್ರು, 7 ಆಕಾರ ಉಳೀತು. ಅವರ ಹತ್ರ ಇದ್ದ ಎಲೆಕ್ಟ್ರೊನಿಕಾ 60 ಕಂಪ್ಯೂಟರಿಗೆ ಗ್ರಾಫಿಕ್ಸೇ ಇರ್ಲಿಲ್ಲ, ಹಾಗಾಗಿ ಕೀಬೋರ್ಡಲ್ಲಿರೋ ಬ್ರಾಕೆಟ್ ಚಿಹ್ನೆಗಳನ್ನ ಜೋಡಿಸಿ ಚೌಕ ತೋರಿಸಿದ್ರು. ಆಡಿ ನೋಡಿದ್ರೆ ಸ್ವಲ್ಪ ಹೊತ್ತಿಗೇ ಡಬ್ಬ ತುಂಬಿ ಆಟ ಮುಗ್ದು ಹೋಗ್ತಿತ್ತು. ಆಗ ಬಂದಿದ್ದು ತುಂಬಿದ ಸಾಲು ಮಾಯ ಆಗೋ ರೂಲ್. ಇಡೀ ಆಟದ ಜೀವ ಆ ರೂಲಲ್ಲಿದೆ, ಅದು ಹುಟ್ಟಿದ್ದು ಆಡೋವಾಗ ಎದುರಾದ ತೊಂದರೆಯಿಂದ. ಚೆನ್ನಾಗಿ ಗಮನಿಸಿ, ಯಂತ್ರ ಬಡವಾಗಿತ್ತು, ಚಿತ್ರ ಇರ್ಲಿಲ್ಲ, ಆಕಾರ ಕಮ್ಮಿ ಮಾಡಿದ್ರು, ಆದ್ರೆ ಕೈಗೆ ಆಡೋಕೆ ಏನೋ ಒಂದು ಸಿಕ್ಕಿತ್ತು.

ಡಾಂಕಿ ಕಾಂಗ್ ಅನ್ನೋ ಗೇಮ್ ಹುಟ್ಟಿದ ಕಥೇನೂ ಇದರ ಪಕ್ಕದಲ್ಲಿಟ್ಟು ಓದ್ಬೇಕು. ಅಮೆರಿಕಾದಲ್ಲಿ ಮಾರಾಟ ಆಗದೆ ಉಳಿದಿದ್ದ ಆರ್ಕೇಡ್ ಮಷೀನುಗಳಿಗೆ (ಕಾಸು ಹಾಕಿ ಆಡೋ ಗೇಮ್ ಪೆಟ್ಟಿಗೆ) ಹೊಸ ಗೇಮ್ ಬೇಕಿತ್ತು, ನಿಂಟೆಂಡೊ ಕಂಪನಿಯ ಡಿಸೈನರ್ ಶಿಗೆರು ಮಿಯಾಮೊಟೊ ಪೊಪೈ ಕಾರ್ಟೂನಿನ ಪಾತ್ರಗಳನ್ನ ಹಾಕ್ಬೇಕು ಅಂದ್ಕೊಂಡಿದ್ರು, ಅದರ ಲೈಸೆನ್ಸ್ ಸಿಗ್ಲಿಲ್ಲ. ಪಾತ್ರ ಹೋದ್ರೂ ಮೂರು ಜನರ (ಹೀರೋ, ವಿಲನ್, ಹೀರೋಯಿನ್) ಮಧ್ಯದ ಸಂಬಂಧ ಹಾಗೇ ಉಳೀತು, ಹೀರೋ ಪೊಪೈ ಜಾಗಕ್ಕೆ ಬಡಗಿ, ವಿಲನ್ ಬ್ಲೂಟೋ ಜಾಗಕ್ಕೆ ಗೊರಿಲ್ಲಾ, 1981ರಲ್ಲಿ ಗೇಮ್ ಬಂತು. ಆ ಬಡಗಿನೇ ಮುಂದೆ ಮಾರಿಯೋ ಆದ. ಅಂದ್ಕೊಂಡಿದ್ದು ಕೈತಪ್ಪಿ ಹೋದಾಗ ಏನು ಉಳೀತು ಅಂತ ನೋಡೋ ಅಭ್ಯಾಸ ನಾವೂ ಬೆಳೆಸ್ಕೋಬೇಕು.

ಒಂದು ಕ್ರಿಯಾಪದ ಹಿಡ್ಕೊಳಿ

ನನಗೆ ಕೊನೆಗೆ ಕೆಲಸಕ್ಕೆ ಬಂದಿದ್ದು ಇದು. ಆ ನೋಟ್‌ಬುಕ್ ಮುಚ್ಚಿಟ್ಟು ಒಂದು ಹಾಳೆ ಮೇಲೆ ಬರೀ ಕ್ರಿಯಾಪದ ಬರೀತಾ ಹೋದೆ: ಎಸೆ, ಬಚ್ಚಿಡು, ಜೋಡಿಸು, ಓಡಿಸು, ಕಾಯಿ, ಸುರಿ. ಆಡೋನು ಮಾಡೋದು ಇದೊಂದೇ ಕೆಲಸ ಅಂತಾದ್ರೆ ಯಾವುದು ಮಜಾ ಕೊಡತ್ತೆ ಅಂತ ಯೋಚಿಸ್ತಾ ಕೂತಿದ್ದೆ, ಆವಾಗ ಬೇಸಿಗೆ, ತಾರಸಿ ಮೇಲೆ ಅಜ್ಜಿ ಚಾಪೆ ಹಾಸಿ ಹಪ್ಪಳ ಒಣಗಾಕಿದ್ರು, ನನ್ನ ಕೈಲಿ ಒಂದು ಕೋಲು ಕೊಟ್ಟು ಕಾಗೆ ಓಡಿಸು ಅಂತ ಕೂರಿಸಿದ್ರು. ಓಡಿಸು. ಹಾಳೆ ಮೇಲಿದ್ದ ಪದಾನೇ.

ಅವತ್ತು ರಾತ್ರಿ ಗೊಡಾಟ್‌ನಲ್ಲಿ (ಗೇಮ್ ಮಾಡೋ ಫ್ರೀ ಸಾಫ್ಟ್‌ವೇರ್, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡತ್ತೆ) ಹಳದಿ ಚೌಕ ಒಂಬತ್ತು, ಅವು ಹಪ್ಪಳ, ಕಪ್ಪು ಚೌಕ ಒಂದು, ಅದು ಕಾಗೆ, ಮೌಸ್ ಇರೋ ಜಾಗದಲ್ಲಿ ಕೋಲು. ಚಿತ್ರ ಇಲ್ಲ, ಸೌಂಡ್ ಇಲ್ಲ. ಕಾಗೆ ಒಂದು ಹಪ್ಪಳದ ಮೇಲೆ ಇಳೀಬೇಕು, ಎರಡು ಸೆಕೆಂಡ್ ಕೂತ್ರೆ ಹಪ್ಪಳ ಹೋಯ್ತು, ಅಷ್ಟರಲ್ಲಿ ಕೋಲು ತಾಗಿಸಿದ್ರೆ ಹಾರಿ ಹೋಗ್ಬೇಕು. ಇಷ್ಟಕ್ಕೆ ಎರಡು ಗಂಟೆ ಹಿಡೀತು, ಆಡಿದ್ರೆ ಒಂದು ನಿಮಿಷಕ್ಕೆ ಬೋರ್ ಆಯ್ತು. ಆದ್ರೆ ನಾಲ್ಕು ತಿಂಗಳಲ್ಲಿ ಮೊದಲನೇ ಸಲ ನನಗೆ ಯಾಕೆ ಬೋರ್ ಆಗ್ತಿದೆ ಅಂತ ನಿಖರವಾಗಿ ಗೊತ್ತಾಯ್ತು, ಕೋಲನ್ನ ಮಧ್ಯದಲ್ಲೇ ಇಟ್ಕೊಂಡು ಕೂತ್ರೆ ಸಾಕು, ಯೋಚಿಸೋದು ಏನೂ ಇಲ್ಲ. ಹೀಗೆ ಗೊತ್ತಾದ ಬೋರ್ ಇದ್ಯಲ್ಲ, ಅದರಿಂದ ಕೆಲಸ ಮುಂದಕ್ಕೆ ಹೋಗತ್ತೆ.

ಮಾರನೇ ದಿನ ಅಜ್ಜಿಗೆ ತೋರಿಸ್ದೆ. ಅವರು ನೋಡಿ ಹೇಳಿದ್ದು, "ಕಾಗೆ ಒಂದೇ ಬರತ್ತೇನೋ? ಒಂದು ಕೂಗಿದ್ರೆ ನಾಲ್ಕು ಬರ್ತವೆ. ಮತ್ತೆ ಕೊಡೆ ಎಲ್ಲಿ?" ನಮ್ಮ ಮನೇಲಿ ಕಾಗೆ ಹೆದರ್ಲಿ ಅಂತ ಹಪ್ಪಳದ ಪಕ್ಕ ಕರಿ ಕೊಡೆ ಬಿಚ್ಚಿಡ್ತಾರೆ. ಅದನ್ನ ಗೇಮ್‌ಗೆ ಹಾಕ್ದೆ, ಕೊಡೆ ಹತ್ರ ಕಾಗೆ ಬರಲ್ಲ. ಆವಾಗ ಆಟ ಇನ್ನೂ ಸುಲಭ ಆಗಿ ಕೆಟ್ಟೋಯ್ತು. ಎರಡು ದಿನ ಮತ್ತೆ ಹಾಗೇ ನಿಂತೆ, ಆಮೇಲೆ ತಾರಸಿಗೆ ಹೋಗಿ ನೋಡಿದಾಗ ಕಣ್ಣಿಗೆ ಬಿದ್ದಿದ್ದು ನೆರಳು! ಕೊಡೆ ನೆರಳು ಬಿದ್ದಿರೋ ಹಪ್ಪಳ ಇನ್ನೂ ಮೆತ್ತಗಿತ್ತು, ಅಂಚು ಎತ್ತಿದ್ರೆ ಬಾಗ್ತಿತ್ತು, ಬಿಸಿಲಲ್ಲಿದ್ದಿದ್ದು ಗರಿಗರಿ ಆಗಿತ್ತು. ಅಂದ್ರೆ ಕೊಡೆ ಕಾಪಾಡತ್ತೆ ಆದ್ರೆ ಒಣಗೋಕೆ ಬಿಡಲ್ಲ. ಇಷ್ಟು ಹೊಳೆದ ಮೇಲೆ ಉಳಿದಿದ್ದೆಲ್ಲಾ ತಾನಾಗೇ ಬಂತು, ಸಂಜೆಯೊಳಗೆ ಒಣಗ್ಬೇಕು, ಸೂರ್ಯ ಸರೀತಾ ನೆರಳು ಸರಿಯತ್ತೆ, ಕೊಡೆ ಎತ್ತಿ ಎತ್ತಿ ಇಡ್ಬೇಕು. ಆಡೋನಿಗೆ ಈಗ ಆಯ್ಕೆ ಸಿಕ್ತು, ಒಂದನ್ನ ಉಳಿಸ್ಕೊಂಡ್ರೆ ಇನ್ನೊಂದನ್ನ ಬಿಡ್ಬೇಕು. ಡಿಸೈನ್ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಆ ಹಪ್ಪಳದ ಅಂಚು ಬಾಗಿದಾಗ.

ತಪ್ಪನ್ನ ತಕ್ಷಣ ಅಳಿಸ್ಬೇಡಿ

ನನ್ನ ಕೋಡಲ್ಲಿ ಒಂದು ಬಗ್ ಇತ್ತು, ಕಾಗೆ ಹಾರಿ ಹೋದ ಮೇಲೆ ಟೈಮರ್ ಸರಿಯಾಗಿ ರೀಸೆಟ್ ಆಗ್ತಿರ್ಲಿಲ್ಲ, ಹಾಗಾಗಿ ಓಡಿಸಿದಷ್ಟೂ ಬೇಗ ವಾಪಸ್ ಬರ್ತಿತ್ತು. ಸರಿ ಮಾಡೋಕೆ ಹೊರಟಿದ್ದೆ, ತಂಗಿ ಆಡ್ತಾ "ಅಣ್ಣಾ ಈ ಕಾಗೆಗೆ ನನ್ನ ಮೇಲೆ ಸಿಟ್ಟು ಬಂದಿದೆ" ಅಂದ್ಲು. ಬಿಟ್ಬಿಟ್ಟೆ, ಅದೀಗ ಗೇಮ್‌ನ ರೂಲ್. 1978ರ ಸ್ಪೇಸ್ ಇನ್ವೇಡರ್ಸ್ ಅನ್ನೋ ಶೂಟಿಂಗ್ ಗೇಮ್‌ನಲ್ಲೂ ಹೀಗೇ ಆಗಿದ್ದು. 55 ಶತ್ರುಗಳನ್ನ ಸ್ಕ್ರೀನ್ ಮೇಲೆ ಬರೆಯೋಕೆ ಆ ಹಾರ್ಡ್‌ವೇರಿಗೆ ಕಷ್ಟ ಆಗ್ತಿತ್ತು, ಸಾಯ್ತಾ ಹೋದಂಗೆ ಬರೆಯೋ ಕೆಲಸ ಕಮ್ಮಿ ಆಗಿ ಉಳಿದವು ಜೋರಾಗಿ ಚಲಿಸೋಕೆ ಶುರು ಮಾಡಿದ್ವು, ಆ ಗೇಮ್ ಮಾಡಿದ ಟೊಮೊಹಿರೊ ನಿಶಿಕಾಡೊ ಅದನ್ನ ಹಾಗೇ ಉಳಿಸ್ಕೊಂಡ್ರು. ಕೊನೇ ಒಂದು ಶತ್ರು ಓಡೋ ಓಟ ಆಡಿದವರಿಗೆ ಗೊತ್ತು.

ಏನೂ ಹೊಳೆಯದ ದಿನ ಮಾಡೋ ಅಭ್ಯಾಸ

ಹುಲಿ ಕುರಿ ಆಟ ತಗೊಳಿ. ನಮ್ಮ ಕಡೆ ಆಡೋದ್ರಲ್ಲಿ ಹುಲಿ 3, ಕುರಿ 15, ಹುಲಿ ಕುರಿ ಮೇಲಿಂದ ಹಾರಿ ಹಿಡಿಯತ್ತೆ, ಕುರಿಗಳು ಸೇರಿ ಹುಲಿಗೆ ದಾರಿ ಇಲ್ದಂಗೆ ಕಟ್ಟಿ ಹಾಕ್ಬೇಕು, ಎಲ್ಲಾ ಕುರಿ ಇಟ್ಟು ಮುಗಿಯೋವರೆಗೂ ಇಟ್ಟಿರೋ ಕುರಿನ ಕದಲಿಸೋ ಹಾಗಿಲ್ಲ. ಸೀಮೆಸುಣ್ಣದಲ್ಲಿ ಮನೆ ಬರ್ದು, ಹುಣಸೆ ಬೀಜ, ಕಲ್ಲು ಇಟ್ಕೊಂಡು ಇದರಲ್ಲಿ ಒಂದೇ ಒಂದು ರೂಲ್ ಬದಲಾಯಿಸಿ ಆಡಿ ನೋಡಿ. ಕುರಿ 10ಕ್ಕೆ ಇಳಿಸಿದ್ರೆ? ಇಟ್ಟ ತಕ್ಷಣ ಕುರಿ ಕದಲಬಹುದು ಅಂದ್ರೆ? ಒಂದು ರೂಲ್ ಎಳೆದ್ರೆ ಯಾವ ಕಡೆ ವಾಲತ್ತೆ ಅಂತ ಹತ್ತು ನಿಮಿಷದಲ್ಲಿ ಕೈಗೆ ಗೊತ್ತಾಗತ್ತೆ, ಕಂಪ್ಯೂಟರೇ ಬೇಡ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬೋರ್ಡ್ ಆಟ ಅಂದ್ರೆ ಪ್ರಾಣ, ತಾವೇ ಹೊಸ ಹೊಸ ಆಟ ಕಟ್ಟಿದ್ರು. ಗೇಮ್ ಡಿಸೈನ್ ಅನ್ನೋದು ನಮ್ಮೂರಿಗೆ ಹೊರಗಿಂದ ಬಂದ ವಿದ್ಯೆ ಏನಲ್ಲ ಅಂತ ನಾನು ನಂಬ್ತೀನಿ, ಅದಕ್ಕೇ ಈ ಅಭ್ಯಾಸ ನನಗೆ ತುಂಬಾ ಇಷ್ಟ.

ಗಡುವು ಹಾಕ್ಕೊಳೋದೂ ಉಪಯೋಗಕ್ಕೆ ಬರತ್ತೆ. 2002ರಲ್ಲಿ ಶುರುವಾದ ಲುಡಂ ಡೇರ್ ಅನ್ನೋ ಗೇಮ್ ಜಾಮ್‌ನಲ್ಲಿ (ಗಡುವಿನೊಳಗೆ ಗೇಮ್ ಮಾಡೋ ಸ್ಪರ್ಧೆ) ಒಬ್ಬರೇ 48 ಗಂಟೆಯಲ್ಲಿ ಗೇಮ್ ಮುಗಿಸೋ ವಿಭಾಗ ಇದೆ. ಬೆಟ್ಟ ಹತ್ತೋ ಸೆಲೆಸ್ಟ್ ಗೇಮ್ ಮೊದಲು ಬಂದಿದ್ದು ಪಿಕೊ-8ನಲ್ಲಿ (ಚಿಕ್ಕ ಗೇಮ್ ಮಾಡೋಕೆ ಬೇಕಂತಲೇ ಮಿತಿ ಇಟ್ಟಿರೋ ಸಾಫ್ಟ್‌ವೇರ್), ನಾಲ್ಕು ದಿನದಲ್ಲಿ ಮಾಡಿದ ಚಿಕ್ಕ ಗೇಮ್ ಆಗಿ, ದೊಡ್ಡ ಗೇಮ್ ಬಂದಿದ್ದು 2018ರಲ್ಲಿ. ಪಿಕೊ-8ನಲ್ಲಿ ಸ್ಕ್ರೀನ್ 128 ಬೈ 128 ಪಿಕ್ಸೆಲ್, ಬಣ್ಣ 16, ಅಷ್ಟೇ. ಯಾವ ಬಣ್ಣ ಹಾಕ್ಲಿ ಅಂತ ವಾರಗಟ್ಟಲೆ ಕೂರೋ ಪ್ರಶ್ನೆನೇ ಬರಲ್ಲ.

ಬಣ್ಣ ಅಂದಾಗ ನೆನಪಾಯ್ತು, ಕಾಗೆಗೆ ಚಿತ್ರ ನಾನಿನ್ನೂ ಬರ್ದಿಲ್ಲ, ಕಪ್ಪು ಚೌಕನೇ ಇದೆ. ಚಿತ್ರ ಚೆನ್ನಾಗಿ ಬಂದ್ಬಿಟ್ರೆ ಅದನ್ನ ಕಿತ್ತಾಕೋಕೆ ಮನಸ್ಸು ಬರಲ್ಲ, ಚೌಕ ಆದ್ರೆ ಅರ್ಧ ನಿಮಿಷದಲ್ಲಿ ಅಳಿಸ್ಬಹುದು. ಸದ್ಯಕ್ಕೆ ಮೋಡದ ಹತ್ರ ಸಿಕ್ಕಿ ಹಾಕ್ಕೊಂಡಿದೀನಿ, ಮಳೆ ಬಂದ್ರೆ ಚಾಪೆ ಸಮೇತ ಎತ್ಕೊಂಡು ಓಡ್ಬೇಕಾ ಅಥವಾ ಒಂದೊಂದೇ ಹಪ್ಪಳ ಎತ್ಬೇಕಾ ಅಂತ. ಎರಡನ್ನೂ ಬೂದು ಚೌಕದಲ್ಲಿ ಮಾಡಿಟ್ಟಿದೀನಿ, ಭಾನುವಾರ ತಂಗಿ ಕೈಲಿ ಆಡಿಸ್ತೀನಿ.